ಮನೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತ: ಮೊದಲು ಏನು ಕೊಳ್ಳಬೇಕು, ಯಾವುದಕ್ಕೆ ಕಾಯಬಹುದು

ಪುಟ್ಟ ಯುಎಸ್‌ಬಿ ಕೀಬೋರ್ಡ್ ತರಿಸಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕೀ ಒತ್ತಿದರೆ ಸದ್ದೇ ಇಲ್ಲ. ಮಾಲು ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುವವರೂ ಇದ್ದಾರೆ. ಕೀಬೋರ್ಡ್ ಕೆಟ್ಟಿರುವುದಿಲ್ಲ, ಅದರೊಳಗೆ ಸದ್ದು ಮಾಡುವ ಭಾಗವೇ ಇರುವುದಿಲ್ಲ, ಅಷ್ಟೆ. ಅದು ಕಳಿಸುವುದು ಬರೀ ಸಂದೇಶ: ಯಾವ ಸ್ವರ ಒತ್ತಿದಿರಿ, ಎಷ್ಟು ರಭಸವಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ. ಈ ಸಂದೇಶದ ಭಾಷೆಗೆ ಮಿಡಿ ಎಂದು ಹೆಸರು. 1983ರಲ್ಲಿ ಬಂದ ಈ ಪದ್ಧತಿಯಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. ಮಧ್ಯದ ಸಿ ಸ್ವರಕ್ಕೆ 60. ಸಂಗೀತ ಪಾಠದ ಪುಸ್ತಕದಲ್ಲಿ ಬರೆದಿಟ್ಟ ಸರಿಗಮ ಇದ್ದ ಹಾಗೆ ಇದು. ಪುಸ್ತಕ ತಾನಾಗಿ ಹಾಡುವುದಿಲ್ಲ, ನೋಡಿಕೊಂಡು ಹಾಡುವವರು ಬೇಕು. ಇಲ್ಲಿ ಹಾಡುವ ಕೆಲಸ ಲ್ಯಾಪ್‌ಟಾಪಿನೊಳಗಿನ ಸಾಫ್ಟ್‌ವೇರಿನದು.

ಇದು ಮನಸ್ಸಿಗೆ ಹತ್ತಿದರೆ ಖರೀದಿಯ ಅರ್ಧ ಗೊಂದಲ ಕರಗುತ್ತದೆ. ಬೆರಳಿನಿಂದ ಹೊರಟ ಸಂದೇಶ ಸಾಫ್ಟ್‌ವೇರಿಗೆ ಹೋಗಿ ಧ್ವನಿಯಾಗುತ್ತದೆ. ಆ ಧ್ವನಿ ಲ್ಯಾಪ್‌ಟಾಪಿನ ಸೌಂಡ್ ಚಿಪ್ ಅಥವಾ ಹೊರಗಿನ ಆಡಿಯೋ ಇಂಟರ್ಫೇಸ್ (ಧ್ವನಿಯನ್ನು ಕಂಪ್ಯೂಟರಿನ ಒಳಗೂ ಹೊರಗೂ ಸಾಗಿಸುವ ಪೆಟ್ಟಿಗೆ) ಮೂಲಕ ಹೆಡ್‌ಫೋನಿಗೆ ಬಂದು ಕಿವಿ ಸೇರುತ್ತದೆ. ಹೊಸಬರು ಸಾಮಾನ್ಯವಾಗಿ ಬೆರಳಿನ ತುದಿಯಿಂದ ದುಡ್ಡು ಹಾಕುತ್ತಾ ಬರುತ್ತಾರೆ. ನಾವು ಹೇಳುವುದು ಇದರ ತಿರುಗುಮುರುಗು: ಕಿವಿಯ ತುದಿಯಿಂದ ಶುರುಮಾಡಿ. ಕೀಬೋರ್ಡ್ ಇಲ್ಲದಿದ್ದರೆ ಮೌಸಿನಿಂದ ಸ್ವರ ಬರೆಯಬಹುದು, ಲ್ಯಾಪ್‌ಟಾಪಿನ ಅಕ್ಷರದ ಕೀಗಳನ್ನೇ ಒತ್ತಿ ನುಡಿಸಬಹುದು. ಆದರೆ ಸರಿಯಾಗಿ ಕೇಳಿಸದಿದ್ದರೆ ನೀವು ಮಾಡುವ ಪ್ರತಿ ತೀರ್ಮಾನವೂ ತಪ್ಪುತ್ತದೆ, ಮತ್ತು ತಪ್ಪಿದ್ದು ನಿಮಗೇ ಗೊತ್ತಾಗುವುದಿಲ್ಲ.

ಇರುವ ಲ್ಯಾಪ್‌ಟಾಪ್ ಸಾಕೇ?

ಬಹುತೇಕ ಸಾಕು. 8 ಜಿಬಿ ರ‍್ಯಾಮ್ ಇದ್ದರೆ ಶುರುಮಾಡಬಹುದು, 16 ಇದ್ದರೆ ನೆಮ್ಮದಿ. ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರವಾದರೆ ಹೊಸದು ಕೊಳ್ಳುವ ಮುನ್ನ ಎಸ್‌ಎಸ್‌ಡಿ ಹಾಕಿಸಿ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇದು ದಿನನಿತ್ಯದ ಕೆಲಸ. ಪ್ರೊಸೆಸರ್ ವಿಷಯದಲ್ಲಿ ಒಂದು ಮಾತು ನೆನಪಿರಲಿ: ಹಾಡಿನ ಒಂದು ಟ್ರ್ಯಾಕಿನ (ಒಂದು ವಾದ್ಯದ ಸಾಲಿನ) ಮೇಲೆ ಸಾಲಾಗಿ ಹಾಕಿದ ಸಿಂತ್ (ಸದ್ದು ಹುಟ್ಟಿಸುವ ವಾದ್ಯ) ಮತ್ತು ಸದ್ದು ಬದಲಿಸುವ ಎಫೆಕ್ಟುಗಳೆಲ್ಲ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಓಡುತ್ತವೆ. ಹಾಗಾಗಿ ಕೋರ್‌ಗಳು ಎಷ್ಟಿವೆ ಎನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಎನ್ನುವುದು ಮುಖ್ಯ.

ಇನ್ನೊಂದು, ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ಕೆಲಸ ಮಾಡಬೇಡಿ. ಗಾಳಿ ಹೋಗುವ ಕಿಂಡಿ ಮುಚ್ಚಿ, ಬಿಸಿ ಏರಿ, ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷ ಚೆನ್ನಾಗಿದ್ದ ಹಾಡು ಹನ್ನೊಂದನೇ ನಿಮಿಷಕ್ಕೆ ಚಟಪಟ ಎನ್ನತೊಡಗುವುದು ಎಷ್ಟೋ ಸಲ ಇದರಿಂದಲೇ.

ಸಾಫ್ಟ್‌ವೇರ್

ಧ್ವನಿಗಳನ್ನು ಜೋಡಿಸಿ, ರೆಕಾರ್ಡ್ ಮಾಡಿ, ಮಿಕ್ಸ್ ಮಾಡುವ ಮುಖ್ಯ ಸಾಫ್ಟ್‌ವೇರಿಗೆ ಈ ಕೆಲಸದವರು ‘ಡಾ’ ಎನ್ನುತ್ತಾರೆ. ಯಾವುದು ಶ್ರೇಷ್ಠ ಎಂಬ ಚರ್ಚೆಗೆ ಕೊನೆಯಿಲ್ಲ. ನೀವು ಹೇಗೆ ಯೋಚಿಸುತ್ತೀರಿ ಎಂಬುದನ್ನು ನೋಡಿಕೊಂಡು ಆರಿಸುವುದೇ ಸರಿ.

ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಸಿಂತ್, ಡ್ರಮ್ ಎಲ್ಲ ಒಳಗೇ ಇವೆ. ಅದರಲ್ಲಿ ಮಾಡಿದ್ದನ್ನು ಮುಂದೆ ಲಾಜಿಕ್ ಪ್ರೊದಲ್ಲಿ ತೆರೆಯಬಹುದು. ಅಲ್ಲಿಗೆ ಅವರ ಆಯ್ಕೆ ಮುಗಿಯಿತು.

ವಿಂಡೋಸ್‌ನವರಿಗೆ ದಾರಿಗಳು ಹಲವು. ಮೊದಲು ತಾಳ ಕಟ್ಟಿ, ಅದರ ಮೇಲೆ ಉಳಿದದ್ದನ್ನು ಏರಿಸುವ ಸ್ವಭಾವ ನಿಮ್ಮದಾದರೆ ಎಫ್‌ಎಲ್ ಸ್ಟುಡಿಯೋ ಬೇಗ ಕೈಗೆ ಹತ್ತುತ್ತದೆ. ಚೌಕಗಳನ್ನು ಒತ್ತಿ ತಾಳ ಬರೆಯುವ ಅದರ ಸ್ಟೆಪ್ ಸೀಕ್ವೆನ್ಸರ್, ಸ್ವರ ಬರೆಯುವ ಪಿಯಾನೋ ರೋಲ್ ಎರಡೂ ಸಲೀಸು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ಟ್ರಯಲ್‌ನಲ್ಲಿ ಒಂದು ತೊಡಕಿದೆ: ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ಲೈಸೆನ್ಸ್ ಕೊಳ್ಳುವವರೆಗೆ ಅದನ್ನು ಮತ್ತೆ ತೆರೆಯಲಾಗುವುದಿಲ್ಲ. ಆದ್ದರಿಂದ ಟ್ರಯಲ್‌ನಲ್ಲಿ ಮಾಡಿದ್ದನ್ನು ಅದೇ ಕೂರುವಿಕೆಯಲ್ಲಿ ಡಬ್ಲ್ಯುಎವಿ ಫೈಲಾಗಿ ತೆಗೆದಿಟ್ಟುಕೊಳ್ಳಿ. ಹಾಡುವವರ ದನಿ ರೆಕಾರ್ಡ್ ಮಾಡುವ ಯೋಚನೆಯಿದ್ದರೆ ಆವೃತ್ತಿಗಳ ಹೋಲಿಕೆ ಪಟ್ಟಿ ನೋಡದೆ ದುಡ್ಡು ಕಟ್ಟಬೇಡಿ. ಎಲ್ಲಕ್ಕಿಂತ ಅಗ್ಗದ ಫ್ರೂಟಿ ಆವೃತ್ತಿಯಲ್ಲಿ ಬಹುಕಾಲ ಆ ಸೌಲಭ್ಯವೇ ಇರಲಿಲ್ಲ.

ಚಿಕ್ಕ ಚಿಕ್ಕ ತುಣುಕು ಮಾಡಿಟ್ಟುಕೊಂಡು, ಆಮೇಲೆ ಅವುಗಳನ್ನು ಬೇರೆ ಬೇರೆ ಕ್ರಮದಲ್ಲಿ ಓಡಿಸಿ ನೋಡುವವರಿಗೆ ಏಬಲ್ಟನ್ ಲೈವ್ ಒಗ್ಗುತ್ತದೆ. ಅದರ ಲೈಟ್ ಆವೃತ್ತಿ ಅನೇಕ ಮಿಡಿ ಕೀಬೋರ್ಡ್ ಮತ್ತು ಇಂಟರ್ಫೇಸ್‌ಗಳ ಜೊತೆ ಉಚಿತವಾಗಿ ಬರುತ್ತದೆ. ಟ್ರ್ಯಾಕುಗಳ ಸಂಖ್ಯೆಗೆ ಮಿತಿಯಿದೆ, ಆದರೂ ಮೊದಲ ಹತ್ತು ಹಾಡಿಗೆ ಧಾರಾಳ. ಕೀಬೋರ್ಡ್ ಕೊಂಡಮೇಲೆ ನೋಂದಣಿ ಮಾಡಿ ಕೋಡ್ ಪಡೆಯುವುದನ್ನು ಮರೆಯಬೇಡಿ. ಹಾಗೆ ಮರೆತವರು ಬಹಳ ಮಂದಿ.

ಹಳೆಯ, ನಿಧಾನದ ಲ್ಯಾಪ್‌ಟಾಪ್ ಇದ್ದವರಿಗೆ ನಮ್ಮ ಮೊದಲ ಸಲಹೆ ರೀಪರ್. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಲೈಸೆನ್ಸ್ 60 ಡಾಲರ್. ಯಂತ್ರದ ಮೇಲೆ ಹೊರೆ ಬಹಳ ಕಡಿಮೆ. ಆದರೆ ತೆರೆದಾಗ ಮನೆ ಖಾಲಿ: ಹೇಳಿಕೊಳ್ಳುವಂಥ ಸಿಂತ್ ಆಗಲಿ ಡ್ರಮ್ ಆಗಲಿ ಅದರಲ್ಲಿಲ್ಲ. ಅವನ್ನು ಹೊರಗಿಂದ ತರಬೇಕು. ಪೂರಾ ಉಚಿತವೇ ಬೇಕೆಂದರೆ ವೇವ್‌ಫಾರ್ಮ್ ಫ್ರೀ ಇದೆ, ಟ್ರ್ಯಾಕುಗಳಿಗೆ ಮಿತಿಯಿಲ್ಲ. ಎಲ್‌ಎಂಎಂಎಸ್ ಕೂಡ ಉಚಿತವೇ, ಆದರೆ ಅದರ 1.2 ಆವೃತ್ತಿಯಲ್ಲಿ ಮೈಕಿನಿಂದ ರೆಕಾರ್ಡ್ ಮಾಡಲು ಬರುವುದಿಲ್ಲ.

ಹೀಗೆ ಹೊರಗಿಂದ ತಂದು ಡಾ ಒಳಗೆ ಸೇರಿಸುವ ಸಿಂತ್‌ಗೆ ಪ್ಲಗಿನ್ ಎನ್ನುತ್ತಾರೆ, ಅದು ದುಬಾರಿ ಇರಬೇಕೆಂದಿಲ್ಲ. ಸರ್ಜ್ ಎಕ್ಸ್‌ಟಿ ಓಪನ್ ಸೋರ್ಸ್. ವೈಟಲ್‌ನ ಮೂಲ ಆವೃತ್ತಿ ಉಚಿತ. 1983ರ ಯಮಹಾ ಡಿಎಕ್ಸ್7 ಯಂತ್ರದ ಸದ್ದು ಬೇಕಿದ್ದರೆ ಡೆಕ್ಸೆಡ್ ಇದೆ. ಈ ಮೂರನ್ನು ಕಲಿಯಲು ಒಂದು ವರ್ಷ ಬೇಕು. ಕದ್ದ ಸಾಫ್ಟ್‌ವೇರಿನ ದಾರಿಗೆ ಹೋಗುವ ಅಗತ್ಯವೇ ಇಲ್ಲ. ಅದರ ಜೊತೆ ವೈರಸ್ ಬರುತ್ತದೆ, ವಿಂಡೋಸ್ ಅಪ್‌ಡೇಟ್ ಆದ ಮರುದಿನ ಪ್ಲಗಿನ್ ತೆರೆಯುವುದಿಲ್ಲ, ಆರು ತಿಂಗಳ ಕೆಲಸ ಪ್ರಾಜೆಕ್ಟಿನೊಳಗೇ ಸಿಕ್ಕಿಬೀಳುತ್ತದೆ.

ಉಚಿತ ಸಿಂತ್ ಎಷ್ಟು ದೂರ ಬರುತ್ತದೆ ಎಂದು ನೋಡಲು ವೈಟಲ್‌ನಲ್ಲಿ ಒಂದು ಕಿಕ್ ಡ್ರಮ್ (ತಾಳದ ತಗ್ಗು ಪೆಟ್ಟು) ಮಾಡಿ. ಒಂದೇ ಆಸಿಲೇಟರ್ (ಮೂಲ ಸದ್ದು ಹುಟ್ಟಿಸುವ ಭಾಗ) ಇಟ್ಟುಕೊಂಡು ಅದರ ಅಲೆಯನ್ನು ಸೈನ್ ಎಂಬ ನುಣುಪು ಅಲೆ ಮಾಡಿ. ಧ್ವನಿಯ ಎನ್‌ವೆಲಪ್‌ನಲ್ಲಿ (ಸದ್ದು ಹೇಗೆ ಏರಿ ಇಳಿಯಬೇಕೆಂದು ಹೇಳುವ ಭಾಗ) ಅಟ್ಯಾಕ್ (ಏರುವ ಹೊತ್ತು) 0, ಡಿಕೇ (ಇಳಿಯುವ ಹೊತ್ತು) ಸುಮಾರು 300 ಮಿಲಿಸೆಕೆಂಡ್, ಸಸ್ಟೇನ್ (ಆಮೇಲೆ ನಿಲ್ಲುವ ಮಟ್ಟ) 0 ಇಡಿ. ಈಗ ಎನ್‌ವೆಲಪ್ 2 ಅನ್ನು ಎಳೆದು ಆಸಿಲೇಟರಿನ ಪಿಚ್ ಮೇಲೆ ಬಿಟ್ಟು, 24 ಅರೆಸ್ವರ ಮೇಲಕ್ಕೆ ಹೋಗುವಂತೆ ಮಾಡಿ. ಅದರ ಡಿಕೇ 50 ಮಿಲಿಸೆಕೆಂಡ್, ಸಸ್ಟೇನ್ 0. ಮಿಡಿ ಸಂಖ್ಯೆ 31ರ ಸ್ವರ ಒತ್ತಿ. ಸದ್ದು 196 ಹರ್ಟ್ಜ್‌ನಿಂದ ಸರ್ರನೆ 49ಕ್ಕೆ ಜಾರುತ್ತದೆ. ಆ ಜಾರುವಿಕೆಯೇ ಕಿಕ್‌ನ ಪೆಟ್ಟು. ಎನ್‌ವೆಲಪ್ 2ರ ಡಿಕೇ 200ಕ್ಕೆ ಏರಿಸಿದರೆ ಪೆಟ್ಟು ಹೋಗಿ ‘ಪ್ಯೂಂ’ ಎನ್ನುತ್ತದೆ. ಒಂದೊಂದು ಪೆಟ್ಟೂ ಒಂದೊಂದು ಥರ ಕೇಳಿದರೆ ಆಸಿಲೇಟರಿನ ಫೇಸ್ ಜಾಗದಲ್ಲಿ ಶೇಕಡಾ ತೋರಿಸುವ ಅಂಕಿ ನೋಡಿ. ಅಲೆ ಪ್ರತಿ ಸಲ ಬೇರೆ ಕಡೆಯಿಂದ ಶುರುವಾಗುವಂತೆ ಅದು ಮಾಡುತ್ತದೆ. 0 ಮಾಡಿದರೆ ಪೆಟ್ಟು ನೆಟ್ಟಗಾಗುತ್ತದೆ.

ಈ ಕಿಕ್ಕನ್ನು ಮೊದಲು ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಕೇಳಿ, ಆಮೇಲೆ ಒಳ್ಳೆಯ ಹೆಡ್‌ಫೋನಿನಲ್ಲಿ. ಸ್ಪೀಕರಿನಲ್ಲಿ ಬರುವುದು ‘ಟಕ್’ ಮಾತ್ರ, ಹೆಡ್‌ಫೋನಿನಲ್ಲಿ ‘ಧಮ್’. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರುಗಳಿಗೆ 49 ಹರ್ಟ್ಜ್ ಹೊರಡಿಸುವ ಶಕ್ತಿಯಿಲ್ಲ. ಮೊದಲ ದುಡ್ಡು ಹೆಡ್‌ಫೋನಿಗೆ ಹೋಗಬೇಕು ಎನ್ನುವುದು ಇದಕ್ಕೇ.

ಹೆಡ್‌ಫೋನ್

ವೈರ್ ಇರುವುದೇ ಬೇಕು. ಬ್ಲೂಟೂತ್ ಹೆಡ್‌ಫೋನ್ ಹಾಡು ಕೇಳಲು ಚೆಂದ, ನುಡಿಸಲು ಆಗದು: ಕೀ ಒತ್ತಿದ ಮೇಲೆ ಸದ್ದು ಬರಲು ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಅರ್ಧ ಬಡಿತವೇ 250 ಮಿಲಿಸೆಕೆಂಡ್, ಲೆಕ್ಕ ಹಾಕಿ ನೋಡಿ.

ಬಾಸ್ ಹೆಚ್ಚಿಸಿ ಕೇಳಿಸುವ ಹೆಡ್‌ಫೋನ್ ಬೇಡ. ಕಿವಿಗೆ ಬಾಸ್ ಮೊದಲೇ ಜಾಸ್ತಿ ಬಂದರೆ ನೀವು ಹಾಡಿನಲ್ಲಿ ಕಡಿಮೆ ಮಾಡುತ್ತೀರಿ, ಬೇರೆಯವರ ಮನೆಯಲ್ಲಿ ಹಾಡು ಪೇಲವವಾಗುತ್ತದೆ. ಆಡಿಯೋ-ಟೆಕ್ನಿಕಾ ಎಂ20ಎಕ್ಸ್ ಅಥವಾ ಎಂ40ಎಕ್ಸ್, ಸೋನಿ ಎಂಡಿಆರ್-7506 ಇವೆಲ್ಲ ಇಂಟರ್ಫೇಸ್ ಇಲ್ಲದೆಯೂ ಲ್ಯಾಪ್‌ಟಾಪಿನ ಜ್ಯಾಕಿಗೆ ನೇರ ಸಿಕ್ಕಿಸಬಹುದಾದವು. ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಕೊಳ್ಳುವಾಗ ಪೆಟ್ಟಿಗೆ ಮೇಲಿನ ಓಮ್ ಸಂಖ್ಯೆ ಓದಿ. 80 ಓಮ್‌ನದು ನಡೆಯುತ್ತದೆ. 250 ಓಮ್‌ನದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು ಅನಿಸುತ್ತದೆ. ಎಲ್ಲರಿಗೂ ಹೊಂದುವುದು ಹಿಂಭಾಗ ಮುಚ್ಚಿದ ಬಗೆ, ಏಕೆಂದರೆ ಮುಂದೆ ಮೈಕಿನ ಮುಂದೆ ಹಾಡುವಾಗ ಹೆಡ್‌ಫೋನಿನ ಸದ್ದು ಸೋರಿ ರೆಕಾರ್ಡಿಂಗಿಗೆ ಸೇರುವುದಿಲ್ಲ.

ಕೀಬೋರ್ಡ್: ಮನೆಯಲ್ಲಿ ಆಗಲೇ ಇರಬಹುದು

ಮಕ್ಕಳ ಸಂಗೀತ ಪಾಠಕ್ಕೆಂದು ತಂದ ಯಮಹಾ ಅಥವಾ ಕ್ಯಾಸಿಯೋ ಕೀಬೋರ್ಡ್ ಅಟ್ಟದ ಮೇಲಿದ್ದರೆ ಇಳಿಸಿ ಹಿಂಭಾಗ ನೋಡಿ. ಪ್ರಿಂಟರಿಗೆ ಹಾಕುವಂಥ ಚೌಕದ ಯುಎಸ್‌ಬಿ ಕಿಂಡಿ ಇದ್ದರೆ ಅದೇ ನಿಮ್ಮ ಮಿಡಿ ಕೀಬೋರ್ಡ್, ಬೇಕಾದ್ದು ಪ್ರಿಂಟರ್ ಕೇಬಲ್ ಒಂದೇ. ಐದು ಪಿನ್ನಿನ ದುಂಡು ಕಿಂಡಿ ಇದ್ದರೆ ಯುಎಸ್‌ಬಿ-ಮಿಡಿ ಕೇಬಲ್ ಬೇಕಾಗುತ್ತದೆ. ಹೆಸರಿಲ್ಲದ ತೀರಾ ಅಗ್ಗದ ಕೇಬಲ್ಲಿನಲ್ಲಿ ‘ಬಿಟ್ಟೆ’ ಎಂಬ ಸಂದೇಶ ಕಳೆದುಹೋಗಿ ಸ್ವರ ನಿಲ್ಲದೆ ಕೂಗುತ್ತಲೇ ಇರುವುದುಂಟು. ಅಂಥದ್ದಾದರೆ ತಪ್ಪು ಹುಡುಕಬೇಕಾದ್ದು ಕೇಬಲ್ಲಿನಲ್ಲಿ, ಸಾಫ್ಟ್‌ವೇರಿನಲ್ಲಲ್ಲ.

ಹೊಸದು ಕೊಳ್ಳುವುದಾದರೆ ಎರಡು ಆಯ್ಕೆ. ತಾಳ ಬಡಿಯುವುದು, ಬಾಸ್ ಬರೆಯುವುದು ಹೆಚ್ಚಾದರೆ ಅಕಾಯ್ ಎಂಪಿಕೆ ಮಿನಿ, ಆರ್ಟೂರಿಯಾ ಮಿನಿಲ್ಯಾಬ್, ನೊವೇಷನ್ ಲಾಂಚ್‌ಕೀ ಮಿನಿಯಂಥ 25 ಕೀಗಳದ್ದು ಸಾಕು. ಬಡಿಯುವ ಪ್ಯಾಡು, ತಿರುಗಿಸುವ ಗುಂಡಿ ಎಲ್ಲ ಇವೆ. ಎರಡೂ ಕೈ ಇಟ್ಟು ನುಡಿಸಬಲ್ಲವರಿಗೆ ಈ ಚಿಕ್ಕ ಕೀಗಳು ಉಸಿರು ಕಟ್ಟಿಸುತ್ತವೆ. ಅವರು 49 ಕೀಗಳದ್ದನ್ನೇ ನೋಡಬೇಕು.

ನಮ್ಮ ಸಂಗೀತದ ಹಿನ್ನೆಲೆಯವರು ಮೊದಲ ದಿನವೇ ಒಂದು ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ. ಷಡ್ಜದಿಂದ ಅಂತರ ಗಾಂಧಾರಕ್ಕೆ ಜಾರೋಣ ಎಂದು ಕೀಬೋರ್ಡಿನಲ್ಲಿ ಸ್ವರ ಜಾರಿಸುವ ಪಿಚ್ ಬೆಂಡ್ ತಳ್ಳಿದರೆ ಅದು ಚತುಶ್ರುತಿ ರಿಷಭದಲ್ಲಿ ನಿಂತುಬಿಡುತ್ತದೆ. ಬಹುತೇಕ ಸಿಂತ್‌ಗಳಲ್ಲಿ ಬೆಂಡ್ ವ್ಯಾಪ್ತಿ ಮೊದಲಿಗೆ 2 ಅರೆಸ್ವರಕ್ಕೆ ಹೊಂದಿಸಿರುತ್ತದೆ, ಗಾಂಧಾರ ಇರುವುದು 4ರಲ್ಲಿ. ಸಿಂತ್ ಒಳಗೆ ಆ ಸಂಖ್ಯೆಯನ್ನು 12 ಮಾಡಿದರೆ ಸ್ಥಾಯಿ ಪೂರ್ತಿ ಜಾರಬಹುದು. ಆದರೆ ಆಗ ಚಿಕ್ಕ ಗಮಕ ಹಿಡಿಯುವುದು ಕಷ್ಟ, ಬೆರಳು ಕೂದಲೆಳೆ ಅಲುಗಿದರೂ ಸ್ವರ ಓಡುತ್ತದೆ. 5 ಇಟ್ಟುಕೊಳ್ಳುವುದು ನಡುವಿನ ದಾರಿ. 12 ಸಮಸ್ವರಗಳ ಆಚೆಯ ಶ್ರುತಿ ಬೇಕೆಂದರೆ ಸರ್ಜ್ ಎಕ್ಸ್‌ಟಿಯಲ್ಲಿ ಸ್ಕಾಲಾ ಫೈಲ್ (ಸ್ವರಸ್ಥಾನಗಳ ಪಟ್ಟಿ) ಹಾಕಿ ನಿಮ್ಮದೇ ಸ್ವರಸ್ಥಾನ ಕೂರಿಸಬಹುದು.

ತಾಳಕ್ಕೂ ಹಾಗೆಯೇ. ಸ್ಟೆಪ್ ಸೀಕ್ವೆನ್ಸರ್ ತೆರೆದರೆ 16 ಚೌಕ ಕಾಣುತ್ತವೆ. ಮಿಶ್ರಛಾಪು ಬೇಕಿದ್ದರೆ ತಾಳದ ಗುರುತನ್ನು 7/8 ಮಾಡಿ, 14 ಚೌಕ ಇಟ್ಟುಕೊಳ್ಳಿ. ‘ತಕಿಟ’ಕ್ಕೆ 6 ಚೌಕ, ‘ತಕಧಿಮಿ’ಗೆ 8. ಕಿಕ್ 1ನೇ ಚೌಕದಲ್ಲಿ, ಚಪ್ಪಾಳೆ 7 ಮತ್ತು 11ರಲ್ಲಿ. ತಾಳದ ಗುರುತು 4/4ರಲ್ಲೇ ಬಿಟ್ಟು ಚೌಕ ಮಾತ್ರ 14 ಮಾಡಿದರೆ ಮೆಟ್ರೊನೋಮ್ ಒಂದು ಕಡೆ, ನಿಮ್ಮ ತಾಳ ಇನ್ನೊಂದು ಕಡೆ ಹೋಗುತ್ತದೆ.

ಚಟಪಟ ಸದ್ದು ಮತ್ತು ತಡ

ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬರುವುದು, ಇಲ್ಲವೇ ಸದ್ದಿನ ನಡುವೆ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಎನ್ನುವುದು: ಹೊಸಬರನ್ನು ಅತಿ ಹೆಚ್ಚು ಕಂಗೆಡಿಸುವುದು ಇವೆರಡೇ. ಎರಡರ ಬೇರೂ ಒಂದೇ. ಕಂಪ್ಯೂಟರ್ ಧ್ವನಿಯನ್ನು ಹನಿಹನಿಯಾಗಿ ಕಳಿಸುವುದಿಲ್ಲ, ಬಿಂದಿಗೆ ತುಂಬಿಸಿ ಕಳಿಸುತ್ತದೆ. ಬಿಂದಿಗೆಯ ಅಳತೆಗೆ ಬಫರ್ ಎನ್ನುತ್ತಾರೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ (ಧ್ವನಿಯ ಅಳತೆಗಳ) ಲೆಕ್ಕದಲ್ಲಿ 256ರ ಬಫರ್ ತುಂಬಲು 5.8 ಮಿಲಿಸೆಕೆಂಡ್ ಬೇಕು, 1024ಕ್ಕೆ 23. ಬಿಂದಿಗೆ ಚಿಕ್ಕದಾದರೆ ಸದ್ದು ಬೇಗ ಬರುತ್ತದೆ, ಆದರೆ ಪ್ರೊಸೆಸರ್ ಪದೇ ಪದೇ ಓಡಬೇಕು. ಹೊತ್ತಿಗೆ ಸರಿಯಾಗಿ ತುಂಬಲಾಗದಿದ್ದರೆ ನಡುವೆ ಖಾಲಿ ಬೀಳುತ್ತದೆ, ಅದೇ ಚಟಪಟ.

ಆದ್ದರಿಂದ ನುಡಿಸುವಾಗ, ರೆಕಾರ್ಡ್ ಮಾಡುವಾಗ 128 ಅಥವಾ 256. ಮಿಕ್ಸ್ ಮಾಡುವಾಗ 1024. ವಿಂಡೋಸ್‌ನಲ್ಲಿ ಇದಕ್ಕೂ ಮೊದಲು ಡ್ರೈವರ್ ಸರಿಯಿರಬೇಕು. ಮಾಮೂಲಿ ವಿಂಡೋಸ್ ಡ್ರೈವರಿನಲ್ಲಿ ತಡ ಹೆಚ್ಚು. ಎಎಸ್‌ಐಒ ಎಂಬ ಡ್ರೈವರ್ ಬೇಕು. ಇಂಟರ್ಫೇಸ್ ಇಲ್ಲದವರು ಎಎಸ್‌ಐಒ4ಆಲ್ ಎಂಬ ಉಚಿತ ಡ್ರೈವರ್ ಹಾಕಿಕೊಳ್ಳಬಹುದು. ಎಫ್‌ಎಲ್ ಸ್ಟುಡಿಯೋದೊಂದಿಗೆ ಅದರದೇ ಒಂದು ಬರುತ್ತದೆ. ಆಮೇಲೂ ಚಟಪಟ ನಿಲ್ಲದಿದ್ದರೆ ವಿಂಡೋಸ್‌ನ ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ, ವೈ-ಫೈ ಆರಿಸಿ ನೋಡಿ. ವೈ-ಫೈ ಡ್ರೈವರ್ ಪ್ರೊಸೆಸರನ್ನು ಆಗಾಗ ತಡೆದು ನಿಲ್ಲಿಸುವುದು ಸಾಮಾನ್ಯ ಕಾರಣಗಳಲ್ಲೊಂದು. ಭಾರದ ಸಿಂತ್ ಇರುವ ಟ್ರ್ಯಾಕನ್ನು ಫ್ರೀಝ್ ಮಾಡಿದರೆ ಅದು ಧ್ವನಿ ಫೈಲಾಗಿ ಕುಳಿತು ಹೊರೆ ಇಳಿಯುತ್ತದೆ.

ಇಂಟರ್ಫೇಸ್ ಮತ್ತು ಮೈಕ್

ಹೊರಗಿನ ಸದ್ದನ್ನು, ಅಂದರೆ ಹಾಡು, ಗಿಟಾರ್, ಕೊಳಲನ್ನು ಒಳಗೆ ತರುವ ದಿನ ಇಂಟರ್ಫೇಸ್ ಕೊಳ್ಳಿ, ಅದಕ್ಕೆ ಮೊದಲು ಬೇಡ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಇವು ಒಬ್ಬರಿಗೆ ಸಾಕಾಗುವಂಥವು. ಇದಕ್ಕಿಂತ ಅಗ್ಗವೆಂದು ಯುಎಂಸಿ22 ಕಡೆಗೆ ಹೋಗುವವರು ಒಂದು ವ್ಯತ್ಯಾಸ ತಿಳಿದಿರಿ: ಅದು 16 ಬಿಟ್‌ನದು, ಅದಕ್ಕೆಂದೇ ಮಾಡಿದ ಎಎಸ್‌ಐಒ ಡ್ರೈವರ್ ಇಲ್ಲ. 24 ಬಿಟ್ ಇದ್ದರೆ ದನಿ ತಗ್ಗಿಸಿ ರೆಕಾರ್ಡ್ ಮಾಡಿದರೂ ಆಮೇಲೆ ಏರಿಸಿದಾಗ ಗೊರಗೊರ ಬರುವುದಿಲ್ಲ. ಆದ್ದರಿಂದ ಮೀಟರಿನ ತುತ್ತತುದಿ ಮೈನಸ್ 12 ಡೆಸಿಬಲ್ ಆಸುಪಾಸು ಇರುವಂತೆ ಗೇನ್ (ಒಳಬರುವ ದನಿಯನ್ನು ಏರಿಸುವ ಗುಂಡಿ) ಇಡಿ. ಕೆಂಪು ಮುಟ್ಟಿ ಒಡೆದ ದನಿಯನ್ನು ಸರಿಪಡಿಸಲಾಗುವುದಿಲ್ಲ, ತಗ್ಗಿದ ದನಿಯನ್ನು ಏರಿಸಬಹುದು.

ಯುಎಸ್‌ಬಿ ಮೈಕ್ ಅಗ್ಗದ ದಾರಿ ಅನಿಸುತ್ತದೆ. ತೊಂದರೆ ಏನೆಂದರೆ ಎಎಸ್‌ಐಒ ಒಂದು ಸಲಕ್ಕೆ ಒಂದೇ ಸಾಧನದ ಜೊತೆ ಕೆಲಸ ಮಾಡುವಂತೆ ಕಟ್ಟಿದ್ದು. ಮೈಕ್ ಒಂದು ಸಾಧನ, ಹೆಡ್‌ಫೋನ್ ಸಿಕ್ಕಿಸಿದ ಲ್ಯಾಪ್‌ಟಾಪ್ ಇನ್ನೊಂದು. ಎರಡನ್ನೂ ಒಟ್ಟಿಗೆ ನಡೆಸಲು ಹೆಣಗಬೇಕಾಗುತ್ತದೆ.

ಮೈಕ್ ಆರಿಸುವಾಗ ಮನೆಯ ಸದ್ದನ್ನು ಮೊದಲು ಕೇಳಿಸಿಕೊಳ್ಳಿ. ಸೀಲಿಂಗ್ ಫ್ಯಾನ್, ಅಡುಗೆಮನೆಯ ಕುಕ್ಕರ್, ಬೀದಿಯ ಹಾರ್ನ್ ಎಲ್ಲವನ್ನೂ ಕಂಡೆನ್ಸರ್ ಮೈಕ್ ಶ್ರದ್ಧೆಯಿಂದ ಹಿಡಿದುಕೊಡುತ್ತದೆ. ಬಾಯಿ ಹತ್ತಿರವಿಟ್ಟು ಹಾಡುವ ಶೂರ್ ಎಸ್‌ಎಂ58ರಂಥ ಡೈನಮಿಕ್ ಮೈಕ್ ಇಂಥ ಕೋಣೆಗೆ ಹೆಚ್ಚು ಒಗ್ಗುತ್ತದೆ. ಅದಕ್ಕೆ ಇಂಟರ್ಫೇಸ್ ಮೈಕಿನ ಕೇಬಲ್ಲಿನಲ್ಲೇ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕಿಲ್ಲ, ಕಂಡೆನ್ಸರಿಗೆ ಬೇಕು. ಎಸ್‌ಎಂ58ಕ್ಕೆ ನಕಲುಗಳು ವಿಪರೀತ. ಬೆಲೆ ತೀರಾ ಕಡಿಮೆ ಕಂಡರೆ ಕೈ ಹಾಕಬೇಡಿ.

ರೆಕಾರ್ಡ್ ಮಾಡಿದ ಹಾಡು ಶ್ರುತಿ ಏರಿ, ಓಟವೂ ಹೆಚ್ಚಿ ಕೇಳಿದರೆ 44,100ರ ಫೈಲನ್ನು 48,000ದ ಲೆಕ್ಕದಲ್ಲಿ ಓಡಿಸುತ್ತಿದ್ದೀರಿ ಎಂದರ್ಥ. ಶ್ರುತಿ ಸುಮಾರು ಒಂದೂವರೆ ಅರೆಸ್ವರ ಏರುತ್ತದೆ. ಪ್ರಾಜೆಕ್ಟ್ ಮತ್ತು ಇಂಟರ್ಫೇಸ್ ಎರಡರಲ್ಲೂ ಒಂದೇ ಸಂಖ್ಯೆ ಇಡಿ.

‘ಗುಂಯ್’ ಎನ್ನುವ ಹಮ್ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಹಮ್ ನಿಂತರೆ ತೊಂದರೆ ಅರ್ಥಿಂಗ್‌ನದು. ಚಾರ್ಜ್ ಆಗುವಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಎನ್ನುವುದೂ ಇದರದೇ ಸೂಚನೆ. ಮೂರು ಪಿನ್ನಿನ ಚಾರ್ಜರನ್ನು ಅರ್ಥಿಂಗ್ ಇರುವ ಸಾಕೆಟ್ಟಿಗೆ ಹಾಕಿ, ಎಲ್ಲ ಸಾಧನಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ. ಹಮ್ ಹೋಗಲೆಂದು ಅರ್ಥ್ ಪಿನ್ ಮುರಿಯುವವರಿದ್ದಾರೆ. ಅದು ಪ್ರಾಣಕ್ಕೆ ಕುತ್ತು, ಯಾವ ಕಾರಣಕ್ಕೂ ಮಾಡಬೇಡಿ.

ಯಂತ್ರಗಳು

ಕೋರ್ಗ್ ವೋಲ್ಕಾ, ನೊವೇಷನ್ ಸರ್ಕ್ಯೂಟ್ ಟ್ರ್ಯಾಕ್ಸ್‌ನಂಥ ಹಾರ್ಡ್‌ವೇರ್ ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಪರದೆ ನೋಡದೆ ಕೈಯಲ್ಲೇ ಸಂಗೀತ ಕಟ್ಟುವ ಸುಖ ನಿಜವಾದದ್ದು. ಆದರೆ ಸರ್ಕ್ಯೂಟ್ ಟ್ರ್ಯಾಕ್ಸ್ ಕೊಡುವುದು ಎರಡು ಸಿಂತ್ ಟ್ರ್ಯಾಕ್, ನಾಲ್ಕು ಡ್ರಮ್ ಟ್ರ್ಯಾಕ್. ಅಷ್ಟರಲ್ಲೇ ಹಾಡು ಕಟ್ಟಬಲ್ಲೆ ಎಂದು ಗೊತ್ತಾಗಬೇಕಾದರೆ ಸಾಫ್ಟ್‌ವೇರಿನಲ್ಲಿ ಆರೇ ಟ್ರ್ಯಾಕ್ ಇಟ್ಟುಕೊಂಡು ಮೂರು ಹಾಡು ಮುಗಿಸಿ ನೋಡಿ. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ರೋಲ್ಯಾಂಡ್‌ನ ಟಿಆರ್-808, ಟಿಬಿ-303, ಜುಪಿಟರ್-8 ಎಂಬ ಮೂರು ಯಂತ್ರ ಇಟ್ಟುಕೊಂಡು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಕಡಿಮೆ ಟ್ರ್ಯಾಕ್ ಕೊರತೆಯೇನಲ್ಲ, ಆದರೆ ಅದು ನಿಮಗೆ ಒಗ್ಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ತಿಳಿಯಬಹುದು.

ಮಾನಿಟರ್ ಸ್ಪೀಕರ್ ಕೊನೆಗೆ

ಹತ್ತಡಿ ಉದ್ದ, ಹತ್ತಡಿ ಅಗಲದ ಮಲಗುವ ಕೋಣೆ ನಮ್ಮ ಮನೆಗಳಲ್ಲಿ ಮಾಮೂಲು. ಎದುರುಬದುರು ಗೋಡೆಗಳ ನಡುವೆ 3.05 ಮೀಟರ್ ಇದ್ದರೆ ಸುಮಾರು 56 ಹರ್ಟ್ಜ್‌ನ ಅಲೆ ಅಲ್ಲಿ ನಿಂತುಬಿಡುತ್ತದೆ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಎರಡು ಕಡೆಯಿಂದಲೂ ಅದೇ ಸ್ವರ. ಗೋಡೆ ಪಕ್ಕದಲ್ಲಿ ಅದು ಉಬ್ಬಿ ಕೇಳುತ್ತದೆ, ಕೋಣೆಯ ನಟ್ಟನಡುವೆ ಸತ್ತುಹೋಗುತ್ತದೆ. ನೀವು ಮಾಡಿದ ಕಿಕ್ ಇರುವುದೂ ಆ ಆಸುಪಾಸಿನಲ್ಲೇ. ನಡುವೆ ಕುಳಿತವರು ಬಾಸ್ ಸಾಲದೆಂದು ಏರಿಸುತ್ತಾರೆ, ಹಿಂದಿನ ಗೋಡೆಗೆ ಒರಗಿ ಕುಳಿತವರು ಇಳಿಸುತ್ತಾರೆ, ಇಬ್ಬರದೂ ತಪ್ಪೇ. ಇದ್ದದ್ದನ್ನು ಇದ್ದ ಹಾಗೆ ಕೇಳಿಸಲೆಂದು ಮಾಡಿದ ಮಾನಿಟರ್ ಸ್ಪೀಕರಿಗೆ ಎಷ್ಟು ದುಡ್ಡು ಹಾಕಿದರೂ ಇದು ಬದಲಾಗುವುದಿಲ್ಲ.

ಆದರೂ ಕೊಂಡರೆ 5 ಇಂಚಿನ ಜೋಡಿ ಸಾಕು. ಸ್ಪೀಕರ್ ಮುಂದಿನ ಗೋಡೆ ಕಡೆಗಿರಲಿ, ಮೂಲೆಗೆ ತೀರಾ ಒತ್ತಿ ಬೇಡ. ತಲೆ ಮತ್ತು ಎರಡು ಸ್ಪೀಕರ್ ಸೇರಿ ಸಮಬಾಹು ತ್ರಿಕೋನವಾಗಲಿ, ಟ್ವೀಟರ್ (ಎತ್ತರದ ಸ್ವರ ಹೊರಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕಿರಲಿ. ಕುರ್ಚಿಯನ್ನು ಮುಂದಿನ ಗೋಡೆಯಿಂದ ಮೂರೂಮುಕ್ಕಾಲು ಅಡಿ ದೂರದಲ್ಲಿಟ್ಟು, ಅಲ್ಲಿಂದ ಅರ್ಧರ್ಧ ಅಡಿ ಹಿಂದೆ ಮುಂದೆ ಸರಿಸುತ್ತಾ ಕೇಳಿ. ಮೊಟ್ಟೆಯ ಟ್ರೇ ಅಂಟಿಸಿದರೆ ಬಾಸ್‌ಗೆ ಏನೂ ಆಗುವುದಿಲ್ಲ. ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ ದಪ್ಪ ಹತ್ತಿ ಹಾಸಿಗೆ ಅದಕ್ಕಿಂತ ಮೇಲು, ಆದರೂ 56 ಹರ್ಟ್ಜ್‌ನಷ್ಟು ಕೆಳಗೆ ಅದರ ಪ್ರಭಾವ ಕಡಿಮೆಯೇ. ಹಾಗಾಗಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಹೆಡ್‌ಫೋನಿನಲ್ಲೇ ತೀರ್ಮಾನಿಸಿ, ಸ್ಪೀಕರಿನಲ್ಲಿ ಉಳಿದದ್ದನ್ನು ನೋಡಿ.